ಗೋಡೆ ತಿಳಿಯದೆ ಹತಾರ ಕೊಂಡರೆ

ಮಾನ್ಯ ಸಂಪಾದಕರೇ,

ತಮ್ಮ ಪತ್ರಿಕೆಯ ಕಳೆದ ಭಾನುವಾರದ ಪುರವಣಿಯಲ್ಲಿ, ದೀಪಾವಳಿಗೆ ಮುನ್ನ ಮನೆಯ ಒಳಾಂಗಣವನ್ನು ನಾವೇ ಅಂದಗೊಳಿಸಿಕೊಳ್ಳುವ ಕುರಿತು ಬಂದ ಎರಡು ಪುಟಗಳ ಲೇಖನವನ್ನು ಓದಿದೆ. ಗೋಡೆಯಿಂದ ಹೊರಚಾಚಿದ ಹಲಗೆಯ ಮೇಲೆ ಹಿತ್ತಾಳೆ ದೀಪ, ಕಿಟಕಿಗೆ ಕೋರಾ ಬಟ್ಟೆಯ ಪರದೆ, ಒಂದೇ ಗೋಡೆಗೆ ಮಾತ್ರ ಸಾಸಿವೆ ಹೂವಿನ ಬಣ್ಣ, ಹೀಗೆ ಚಿತ್ರಗಳೆಲ್ಲ ಕಣ್ಣಿಗೆ ಹಿತವಾಗಿದ್ದವು. ಆದರೆ ಆ ಹಲಗೆ ಗೋಡೆಯ ಮೇಲೆ ಯಾವುದರ ಬಲದಿಂದ ನಿಂತಿದೆ, ಪರದೆಯ ಕೋಲು ಎರಡೂ ತುದಿಯಲ್ಲಿ ಸಮಮಟ್ಟದಲ್ಲಿರುವಂತೆ ಗುರುತು ಹಾಕಿದ್ದು ಹೇಗೆ ಎಂಬುದರ ಬಗ್ಗೆ ಲೇಖನದಲ್ಲಿ ಒಂದು ಸಾಲೂ ಇರಲಿಲ್ಲ. ಕೊನೆಯಲ್ಲಿ ಮಾತ್ರ, ಮನೆಯಲ್ಲಿ ಒಂದು ಒಳ್ಳೆಯ ಟೂಲ್ ಕಿಟ್ ಇಟ್ಟುಕೊಂಡರೆ ಸಾಕು ಎಂಬ ಮಾತಿತ್ತು. ಈ ಪತ್ರವನ್ನು ಬರೆಯುವಂತೆ ಮಾಡಿದ್ದು ಆ ಒಂದು ಮಾತು.

ನಾನು ಸರ್ಕಾರಿ ಪ್ರೌಢಶಾಲೆಗಳಲ್ಲಿ 31 ವರ್ಷ ಕ್ರಾಫ್ಟ್ ಮೇಷ್ಟ್ರಾಗಿದ್ದು ನಿವೃತ್ತನಾದವನು. ಮಕ್ಕಳ ಕೈಗೆ ಸುತ್ತಿಗೆ, ಗರಗಸ, ಅರಗಳನ್ನು ಕೊಟ್ಟು, ಅವರ ಬೆರಳಿಗೂ ಹತಾರಕ್ಕೂ ಪೆಟ್ಟಾಗದಂತೆ ನೋಡಿಕೊಳ್ಳುವುದೇ ನನ್ನ ಕೆಲಸವಾಗಿತ್ತು. ಆ ಅನುಭವದಿಂದ ನಾನು ಹೇಳಬಯಸುವುದು ಇಷ್ಟೆ: ಮನೆಯ ಸಣ್ಣಪುಟ್ಟ ಅಲಂಕಾರಕ್ಕೆ ಬೇಕಾದ ಹತಾರಗಳನ್ನು ಸಿದ್ಧಪೆಟ್ಟಿಗೆಯಾಗಿ ಒಂದೇ ದಿನ ಕೊಳ್ಳಬಾರದು, ಕೆಲಸ ಬಂದ ಹಾಗೆ ಒಂದೊಂದಾಗಿ ಕೂಡಿಸಬೇಕು, ಮತ್ತು ಮೊದಲನೆಯ ಹತಾರವನ್ನು ಕೊಳ್ಳುವ ಮೊದಲೇ ತಮ್ಮ ಮನೆಯ ಗೋಡೆ ಯಾವುದರದ್ದು ಎಂಬುದನ್ನು ತಿಳಿದಿರಬೇಕು.

ಇದನ್ನು ನಾನು ಕಲಿತದ್ದು ಶಾಲೆಯಲ್ಲಲ್ಲ, ಬೆಂಗಳೂರಿನಲ್ಲಿರುವ ಮಗಳ ಮನೆಯಲ್ಲಿ. ಹೊಸ ಅಪಾರ್ಟ್‌ಮೆಂಟಿಗೆ ಒಕ್ಕಲು ಹೋದಾಗ ಮಗಳು ಮತ್ತು ಅಳಿಯ ಸೇರಿ ಒಂದು ಪ್ಲಾಸ್ಟಿಕ್ ಪೆಟ್ಟಿಗೆಯನ್ನು ತರಿಸಿದ್ದರು. ಅಚ್ಚುಕಟ್ಟಾದ ಗುಳಿಗಳೊಳಗೆ, ಅಷ್ಟೋತ್ತರದ ನಾಮಾವಳಿಯ ಹಾಗೆ, ಎಣಿಸಿ 108 ತುಣುಕುಗಳು. ಅವುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಸ್ಕ್ರೂ ಬಿಟ್‌ಗಳು ಮತ್ತು ಸ್ಕೂಟರ್ ಬಿಚ್ಚಲು ಬರುವಂಥ ಸಾಕೆಟ್‌ಗಳು. ಮಟ್ಟ ನೋಡುವ ಸಾಧನವಿರಲಿಲ್ಲ, ಗೋಡೆ ನಯಗೊಳಿಸಲು ಪುಟ್ಟಿ ಎಳೆಯುವ ಪಟ್ಟಿ ಇರಲಿಲ್ಲ, ಒಂದು ಪೆನ್ಸಿಲ್ ಕೂಡ ಇರಲಿಲ್ಲ. ಅದರೊಳಗಿದ್ದ ಪುಟ್ಟ ಪ್ಲಗ್‌ಗಳನ್ನು, ಅಂದರೆ ಸ್ಕ್ರೂ ಹಿಡಿದುಕೊಳ್ಳಲೆಂದು ತೂತಿಗೆ ಹಾಕುವ ಪ್ಲಾಸ್ಟಿಕ್ ಕೊಳವೆಗಳನ್ನು, ಗೋಡೆಗೆ ತುರುಕಿ, ಮೂರಡಿಯ ಹಲಗೆಯೊಂದನ್ನು ಕೂರಿಸಿ, ಅದರ ಮೇಲೆ ಪುಸ್ತಕಗಳನ್ನೂ ನಾವು ಕೊಟ್ಟ ಜೋಡಿ ದೀಪಗಳನ್ನೂ ಇಟ್ಟಿದ್ದಾರೆ. ನಾಲ್ಕನೆಯ ರಾತ್ರಿ ಅದು ಪೂರ್ತಿಯಾಗಿ ಕೆಳಗೆ ಬಿತ್ತು. ಕೆಳಗೆ ಯಾರೂ ಮಲಗಿರಲಿಲ್ಲ ಎಂಬುದೊಂದು ಪುಣ್ಯ. ಬೆಳಿಗ್ಗೆ ಮಗಳು ಫೋನ್ ಮಾಡಿ, "ಅಪ್ಪಯ್ಯಾ, ಗೋಡೆ ಅಕ್ಕಿಹಿಟ್ಟಿನ ಹಾಗೆ ಉದುರ್ತಾ ಇದೆ" ಎಂದಳು. ಆ ಒಂದು ಮಾತಿನಲ್ಲಿ ರೋಗವೂ ಇತ್ತು, ಮದ್ದೂ ಇತ್ತು, ಆದರೆ ಅದು ನನಗೆ ಹೊಳೆದದ್ದು ಅಲ್ಲಿಗೆ ಹೋಗಿ ಆ ತೂತಿನೊಳಗೆ ಬೆರಳಿಟ್ಟಾಗ.

ಊರಿನ ನಮ್ಮ ಮನೆ ಜಂಬಿಟ್ಟಿಗೆ ಕಲ್ಲಿನದು. ಶಿವಮೊಗ್ಗ ಜಿಲ್ಲೆಯ ಸಾಗರದ ಆಸುಪಾಸಿನ ಹಳೆಯ ಮನೆಗಳಲ್ಲಿ ಬಹುಪಾಲು ಅಂಥವೇ. ಕೆಲವು ಇನ್ನೂ ಹಳೆಯವು, ಮಣ್ಣಿನ ಗೋಡೆಯವು. ಮಗಳ ಮನೆಯದು ಎ.ಎ.ಸಿ. ಬ್ಲಾಕ್, ಅಂದರೆ ಸಿಮೆಂಟ್, ಸುಣ್ಣ ಮೊದಲಾದವುಗಳ ಮಿಶ್ರಣಕ್ಕೆ ಚೂರು ಅಲ್ಯೂಮಿನಿಯಂ ಪುಡಿ ಸೇರಿಸಿ, ಹಿಟ್ಟು ಹುಳಿಬಂದಂತೆ ಉಬ್ಬಿಸಿ, ಆವಿಯಲ್ಲಿ ಬೇಯಿಸಿ ಮಾಡುವ ಹಗುರ ಇಟ್ಟಿಗೆ. ಇಡ್ಲಿಯಂತೆ ಒಳಗೆಲ್ಲ ಗಾಳಿಯ ಗುಳ್ಳೆ. ಗಾತ್ರಕ್ಕೆ ಗಾತ್ರ ಹೋಲಿಸಿದರೆ ಅದರ ತೂಕ ಸುಟ್ಟ ಇಟ್ಟಿಗೆಯ ಮೂರನೆಯ ಒಂದು ಪಾಲಿನಷ್ಟು. ಎತ್ತರದ ಕಟ್ಟಡಗಳಿಗೆ ಅದು ಒಳ್ಳೆಯದೇ, ನಾನು ಅದನ್ನು ದೂರುತ್ತಿಲ್ಲ. ಆದರೆ ಸುಟ್ಟ ಇಟ್ಟಿಗೆಗೆ ಹಿಡಿದುಕೊಳ್ಳುವ 25 ಮಿಲಿಮೀಟರಿನ ಪ್ಲಗ್ ಅದರಲ್ಲಿ ನಿಲ್ಲುವುದಿಲ್ಲ. ಮೇಲಿನ ಗಾರೆಯೇ 12ರಿಂದ 15 ಮಿಲಿಮೀಟರ್ ದಪ್ಪವಿರುವಾಗ, ಆ ಪ್ಲಗ್ಗಿನ ಅರ್ಧ ಭಾಗ ಗಾರೆಯಲ್ಲೇ ಉಳಿದು, ಮಿಕ್ಕ ಅರ್ಧ ಮಾತ್ರ ಆ ಹಿಟ್ಟಿನಂಥ ಬ್ಲಾಕನ್ನು ಹಿಡಿದುಕೊಂಡಿರುತ್ತದೆ. ಅದರ ಮೇಲೆ ನಿಘಂಟುಗಳನ್ನು ಪೇರಿಸಿದರೆ ಮತ್ತೇನಾದೀತು?

ಆದುದರಿಂದ ಓದುಗರಿಗೆ ನನ್ನ ಮೊದಲ ಸೂಚನೆ ಒಂದು ಪೈಸೆಯನ್ನೂ ಬೇಡುವುದಿಲ್ಲ. ಬಾಗಿಲ ಹಿಂದೆಯೋ ಕ್ಯಾಲೆಂಡರಿನ ಮರೆಯಲ್ಲೋ, ಯಾರ ಕಣ್ಣಿಗೂ ಬೀಳದ ಜಾಗದಲ್ಲಿ, ಎರವಲು ತಂದ ಡ್ರಿಲ್ಲಿನಿಂದ, ಗಾರೆಯನ್ನು ದಾಟಿ ಒಳಗೆ ಹೋಗುವಷ್ಟು ಆಳದ ಸಣ್ಣದೊಂದು ತೂತನ್ನು ಮಾಡಿ, ಬಿಳಿಯ ಕಾಗದವೊಂದನ್ನು ಕೆಳಗೆ ಹಿಡಿದು, ಉದುರುವ ಪುಡಿಯನ್ನು ನೋಡಬೇಕು. ಮೊದಲು ಬೀಳುವ ಬೂದುಪುಡಿ ಗಾರೆಯದು, ಅದನ್ನು ಲೆಕ್ಕಕ್ಕೆ ಹಿಡಿಯಬಾರದು. ಆಮೇಲೆ ಕೆಂಪುಪುಡಿ ಬಂದರೆ ಸುಟ್ಟ ಇಟ್ಟಿಗೆ. ಕಂದುಗೆಂಪಾಗಿ, ತುಸು ಹಸಿಯಾಗಿ, ನಡುನಡುವೆ ಹರಳಿನಂತೆ ಬಂದರೆ ಜಂಬಿಟ್ಟಿಗೆ. ಬೂದುಬಣ್ಣವೇ ಮುಂದುವರಿದು, ತೂತು ಕೊರೆಯುವುದು ಕಷ್ಟವಾಗುತ್ತ ಹೋದರೆ ಸಿಮೆಂಟಿನ ಗಟ್ಟಿ ಬ್ಲಾಕ್. ಕೊರೆಯುತ್ತಿದ್ದಂತೆ ಹಠಾತ್ತನೆ ಒಳಕ್ಕೆ ನುಗ್ಗಿಹೋದರೆ ಟೊಳ್ಳು ಬ್ಲಾಕ್. ಬೆಣ್ಣೆಗೆ ಚಾಕು ಇಳಿದಂತೆ ಇಳಿದು, ಮೈದಾದಂತೆ ಬಿಳಿಪುಡಿ ಬಂದರೆ ಎ.ಎ.ಸಿ. ಏನು ಮಾಡಿದರೂ ಮುಂದೆ ಹೋಗದೆ, ಡ್ರಿಲ್ಲಿನ ಬಿಟ್ (ಕೊರೆಯುವ ಮೊನೆ) ಬಿಸಿಯಾಗಿ, ಸುಟ್ಟ ವಾಸನೆ ಬಂದರೆ ಅಲ್ಲಿರುವುದು ಆರ್.ಸಿ.ಸಿ., ಅಂದರೆ ಕಬ್ಬಿಣದ ಸರಳಿಟ್ಟ ಕಾಂಕ್ರೀಟಿನ ಕಂಬವೋ ತೊಲೆಯೋ ಲಿಂಟಲ್ಲೋ ಆಗಿರುತ್ತದೆ. ಮಣ್ಣಿನ ಗೋಡೆಯವರಿಗೆ ಈ ಪರೀಕ್ಷೆಯ ಅಗತ್ಯವಿಲ್ಲ, ಅವರಿಗೆ ಅದು ಮೊದಲೇ ಗೊತ್ತಿರುತ್ತದೆ.

ಲಿಂಟಲ್ಲಿನ ವಿಚಾರವನ್ನು ಇನ್ನಷ್ಟು ಹೇಳಬೇಕು, ಏಕೆಂದರೆ ಪರದೆ ಹಾಕಲು ಹೊರಟವರೆಲ್ಲ ಮುಗ್ಗರಿಸುವುದು ಅಲ್ಲೇ. ಕಿಟಕಿಯ ಮೇಲ್ಭಾಗದಲ್ಲಿ ಸಾಮಾನ್ಯವಾಗಿ ಆರಿಂಚು ದಪ್ಪದ ಕಾಂಕ್ರೀಟ್ ಪಟ್ಟಿ ಹಾಯ್ದಿರುತ್ತದೆ ಮತ್ತು ಅದು ಕಿಟಕಿಯ ಎರಡೂ ಬದಿಗೆ ಇನ್ನೂ ಸ್ವಲ್ಪ ದೂರ ಗೋಡೆಯೊಳಕ್ಕೆ ಚಾಚಿಕೊಂಡಿರುತ್ತದೆ. ಪರದೆಯ ಕೋಲಿನ ಬ್ರ್ಯಾಕೆಟ್ ಕೂರಿಸಲು ನಮಗೆ ಚೆಂದ ಕಾಣುವ ಜಾಗವೂ ಸರಿಯಾಗಿ ಅದೇ. ಮನೆಬಳಕೆಯ ಡ್ರಿಲ್ಲಿನಿಂದ ಅದನ್ನು ಕೊರೆಯಹೋದರೆ ತೂತು ಸುಲಭಕ್ಕೆ ಬೀಳುವುದಿಲ್ಲ, ಬಿಟ್ಟಿನ ತುದಿ ಮಾತ್ರ ಸವೆಯುತ್ತದೆ. ಬ್ರ್ಯಾಕೆಟ್ಟನ್ನು ಲಿಂಟಲ್ಲಿಗಿಂತ ಮೇಲಕ್ಕೆ ಏರಿಸಿ ಇಟ್ಟಿಗೆ ಸಿಗುವಲ್ಲಿ ಹಾಕಿದರೆ ಕೆಲಸ ಸುಲಭ, ಕಿಟಕಿಯೂ ಎತ್ತರವಾಗಿ ಕಾಣುತ್ತದೆ. ಅದು ಒಪ್ಪದಿದ್ದರೆ ರೋಟರಿ ಹ್ಯಾಮರ್ ಇರುವ ಎಲೆಕ್ಟ್ರೀಷಿಯನ್ ಒಬ್ಬರನ್ನು ಕರೆಸಿ, ನಾಲ್ಕು ತೂತುಗಳನ್ನು ಹೊಡೆಸಿಕೊಳ್ಳುವುದು ಲೇಸು. ಎಲ್ಲವನ್ನೂ ನಾವೇ ಮಾಡಿದೆವೆಂಬ ಹೆಮ್ಮೆಗಾಗಿ ಭಾರಿ ಯಂತ್ರವನ್ನು ಕೊಂಡು ಅಟ್ಟದ ಮೇಲಿಡುವುದನ್ನು ನಾನು ಒಪ್ಪುವುದಿಲ್ಲ.

ಡ್ರಿಲ್ಲಿನ ವಿಷಯದಲ್ಲಿ ನನ್ನ ಅಭಿಪ್ರಾಯ ಸ್ವಲ್ಪ ಹಳೆಯ ಕಾಲದ್ದೆಂದು ಕೆಲವರಿಗೆ ತೋರಬಹುದು. ಬ್ಯಾಟರಿಯದಕ್ಕಿಂತ ತಂತಿಯಿರುವ, 500 ಅಥವಾ 600 ವ್ಯಾಟಿನ, ಬರಿದೇ ತಿರುಗುವುದು ಮತ್ತು ಕುಟ್ಟುತ್ತ ತಿರುಗುವುದು ಎಂಬ ಎರಡೂ ಬಗೆಯ ಗುಂಡಿಯಿರುವ ಇಂಪ್ಯಾಕ್ಟ್ ಡ್ರಿಲ್ ನಮ್ಮ ಮನೆಗಳಿಗೆ ತಕ್ಕದ್ದು. ವರ್ಷಕ್ಕೆ ನಾಲ್ಕು ಸಲ ತೆಗೆಯುವ ಯಂತ್ರದ ಬ್ಯಾಟರಿ, ತೆಗೆದ ದಿನ ಸತ್ತಿರುತ್ತದೆ. ಸಿಮೆಂಟ್ ಬ್ಲಾಕಿಗೆ ಕುಟ್ಟುವ ಬಗೆ ಬೇಕು. ಎ.ಎ.ಸಿ. ಗೋಡೆಗೆ ಅದನ್ನು ಖಂಡಿತ ಬಳಸಬಾರದು, ಕುಟ್ಟಿದರೆ ತೂತು ಅಗಲವಾಗುತ್ತದೆ. ಮಗಳ ಮನೆಯಲ್ಲಿ ನಾನು ಮಾಡಿದ್ದು ಇಷ್ಟು: ಹಳೆಯ ತೂತುಗಳನ್ನು ಬಿಟ್ಟು ನಾಲ್ಕು ಬೆರಳು ಪಕ್ಕಕ್ಕೆ ಸರಿದು, ಕುಟ್ಟುವ ಗುಂಡಿಯನ್ನು ಬಂದ್ ಮಾಡಿ, ಉದ್ದನೆಯ ನೈಲಾನ್ ಪ್ಲಗ್‌ಗಳನ್ನು ಹಾಕಿ, ಅವುಗಳ ಉದ್ದಕ್ಕೆ ತಕ್ಕ ಸ್ಕ್ರೂಗಳಿಂದ ಹಲಗೆಯನ್ನು ಬಿಗಿದೆ. ಆಮೇಲೆ ನಿಘಂಟುಗಳನ್ನು ಕೆಳಗಿನ ಕಪಾಟಿಗೆ ಇಳಿಸಿದೆ. ದೀಪಗಳು ಮಾತ್ರ ಅಲ್ಲೇ ಉಳಿದವು.

ಬಿಟ್‌ಗಳಲ್ಲಿ ಗೋಡೆಗೆ 6 ಮತ್ತು 8 ಮಿಲಿಮೀಟರಿನವು, ಮರಕ್ಕೆ 3 ಮತ್ತು 5ರವು, ಇವು ನಾಲ್ಕೇ ಸಾಕು. ಗೋಡೆಯ ಬಿಟ್ಟಿನ ತುದಿಯಲ್ಲಿ ಬೆಸೆದಿರುವ ಗಟ್ಟಿ ತುಂಡು ಬರಿಗಣ್ಣಿಗೇ ಕಾಣುತ್ತದೆ, ಮರದ ಬಿಟ್ಟಿಗೆ ಅದು ಇರುವುದಿಲ್ಲ. ಇವೆರಡನ್ನು ಅದಲುಬದಲು ಮಾಡಿದರೆ ಎರಡೂ ಹಾಳು. ಎಷ್ಟು ಆಳ ಕೊರೆಯಬೇಕೋ ಅಷ್ಟು ದೂರ ಬಿಟ್ಟಿನ ಮೇಲೆ ಅಳೆದು, ಅಲ್ಲಿಗೆ ಒಂದು ಸುತ್ತು ಇನ್ಸುಲೇಷನ್ ಟೇಪ್ ಸುತ್ತಿದರೆ, ಟೇಪ್ ಗೋಡೆ ಮುಟ್ಟಿದಾಗ ನಿಲ್ಲಿಸಬಹುದು. ಅಂಗಡಿಯಲ್ಲಿ 35×8 ಎಂದು ಕೇಳಿದರೆ ಕೊಡುವ ಸ್ಕ್ರೂ 35 ಮಿಲಿಮೀಟರ್ ಉದ್ದದ, 8ನೇ ನಂಬರಿನ ದಪ್ಪದ್ದು. 6ರ ಪ್ಲಗ್ಗಿಗೆ ಅದು ಹೊಂದುತ್ತದೆ ಮತ್ತು ಇಟ್ಟಿಗೆ ಗೋಡೆಯ ಮೇಲಿನ ಫೋಟೊ, ಕನ್ನಡಿ, ಗಡಿಯಾರಗಳಿಗೆ ಬೇಕಾದಷ್ಟಾಯಿತು. ಕರಾವಳಿಯವರು ಮತ್ತು ನಮ್ಮಂತೆ ಮಳೆಯ ಸೀಮೆಯವರು ಸ್ಟೇನ್‌ಲೆಸ್ ಸ್ಟೀಲಿನವನ್ನೇ ಕೇಳಿ ಪಡೆಯುವುದು ಒಳ್ಳೆಯದು. ಇಲ್ಲದಿದ್ದರೆ ಎರಡು ಮಳೆಗಾಲದೊಳಗೆ ಸ್ಕ್ರೂವಿನ ತಲೆಯಿಂದ ಬಣ್ಣದ ಮೇಲೆ ತುಕ್ಕಿನ ಕಣ್ಣೀರು ಇಳಿಯುತ್ತದೆ.

ಪ್ಲಗ್ ಎಂದಾಗ ಒಂದು ಮಾತು ನೆನಪಾಗುತ್ತದೆ. ನಮ್ಮ ಎಲೆಕ್ಟ್ರೀಷಿಯನ್ನರು ಇವತ್ತಿಗೂ ರಾವಲ್ ಪ್ಲಗ್ ಎನ್ನುತ್ತಾರಲ್ಲ, ಅದು ಇಂಗ್ಲೆಂಡಿನ ರಾಲಿಂಗ್ಸ್ ಎಂಬವರ ಹೆಸರಿನಿಂದ ಬಂದದ್ದು. ಕಳೆದ ಶತಮಾನದ ಎರಡನೆಯ ದಶಕದಲ್ಲಿ ಅವರು ಅದನ್ನು ರೂಪಿಸುವ ಮೊದಲು ಅಲ್ಲಿಯೂ ಇಲ್ಲಿಯೂ ಇದ್ದದ್ದು ಒಂದೇ ಉಪಾಯ: ಉಳಿಯಿಂದ ಗೋಡೆಯಲ್ಲಿ ಚೌಕದ ಗುಂಡಿ ತೋಡಿ, ಅದಕ್ಕೆ ಮರದ ಬೆಣೆ ಬಡಿದು, ಬೆಣೆಗೆ ಸ್ಕ್ರೂ ತಿರುಗಿಸುವುದು. ನಮ್ಮ ಮನೆಯ ಹಳೆಯ ಸ್ವಿಚ್ ಹಲಗೆಗಳೆಲ್ಲ ಇನ್ನೂ ಅಂಥ ಬೆಣೆಗಳ ಮೇಲೆಯೇ ನಿಂತಿವೆ. ಜಂಬಿಟ್ಟಿಗೆ ಮತ್ತು ಮಣ್ಣಿನ ಗೋಡೆಗಳಿಗೆ ಇಂದಿಗೂ ಪ್ಲಾಸ್ಟಿಕ್ಕಿಗಿಂತ ಆ ಬೆಣೆಯೇ ವಾಸಿ ಎಂಬುದು ನನ್ನ ಅನುಭವ. ಹಾಗಾಗಿ ಮಲೆನಾಡಿನ ಹಳೆಮನೆಯವರ ಡಬ್ಬಿಯಲ್ಲಿ ಡ್ರಿಲ್ ಇಲ್ಲದಿದ್ದರೂ ನಡೆದೀತು, ಅರ್ಧ ಇಂಚಿನ ಉಳಿಯೊಂದು ಮತ್ತು ಒಣಗಿದ ಹಲಸಿನ ಮರದ ನಾಲ್ಕು ತುಂಡುಗಳು ಬೇಕು.

ಇನ್ನು ಅಳತೆ. 5 ಮೀಟರಿನ ಟೇಪ್ ಒಂದಿದ್ದರೆ ಸಾಕು. ಅದರ ತುದಿಯ ಕೊಕ್ಕೆ ತುಸು ಅಲುಗಾಡುತ್ತದೆ ಮತ್ತು ಹಾಗೆ ಅಲುಗಾಡಲೆಂದೇ ಅದನ್ನು ಹಾಗೆ ಮಾಡಿರುತ್ತಾರೆ. ಹಲಗೆಯ ಅಂಚಿಗೆ ಸಿಕ್ಕಿಸಿ ಎಳೆದಾಗ ಕೊಕ್ಕೆ ತನ್ನ ದಪ್ಪದಷ್ಟು ಹೊರಕ್ಕೆ ಬರುತ್ತದೆ, ಗೋಡೆಗೆ ಒತ್ತಿದಾಗ ಅಷ್ಟೇ ಒಳಕ್ಕೆ ಸರಿಯುತ್ತದೆ, ಆದ್ದರಿಂದ ಎರಡೂ ರೀತಿಯಲ್ಲಿ ಅಳತೆ ಸರಿ ಬರುತ್ತದೆ. ನನ್ನ ವಿದ್ಯಾರ್ಥಿಯೊಬ್ಬ, ಮೇಷ್ಟರ ಟೇಪು ಸಡಿಲಾಗಿದೆ ಎಂದು ಕನಿಕರಪಟ್ಟು, ಅದರ ರಿವೆಟ್ಟುಗಳನ್ನು ಸುತ್ತಿಗೆಯಿಂದ ಬಡಿದು ಬಿಗಿ ಮಾಡಿಕೊಟ್ಟಿದ್ದ. ಆ ವರ್ಷ ನಾವು ಮಾಡಿದ ಫೋಟೊ ಚೌಕಟ್ಟುಗಳಲ್ಲಿ ಒಂದೂ ಮೂಲೆಗೂಡಲಿಲ್ಲ. ನಮ್ಮ ಕಡೆಯ ಬಡಗಿಗಳು ಇಂಚನ್ನು ಎಂಟು ನೂಲುಗಳಾಗಿ ಲೆಕ್ಕ ಹಾಕುತ್ತಾರೆ, ಒಂದು ನೂಲು ಎಂದರೆ ಸುಮಾರು 3 ಮಿಲಿಮೀಟರ್. ಬಡಗಿಯ ಹತ್ತಿರ ಹಲಗೆ ಕೊಯ್ಸಿಕೊಂಡು ಬಂದು ಮನೆಯಲ್ಲಿ ಕೂರಿಸುವವರಿಗೆ ಈ ಎರಡೂ ಭಾಷೆ ಬರಬೇಕು. ಆದ್ದರಿಂದ ಇಂಚು ಮತ್ತು ಸೆಂಟಿಮೀಟರ್ ಎರಡೂ ಇರುವ ಟೇಪನ್ನೇ ಕೊಳ್ಳಬೇಕು.

ಮಟ್ಟ ನೋಡಲು ಒಂದಡಿಯ ರಸಮಟ್ಟವಿದ್ದರೆ ಫೋಟೊ, ಹಲಗೆಗಳಿಗೆ ಸಾಕಾಗುತ್ತದೆ. ಆದರೆ ಎಂಟಡಿ ಅಗಲದ ಕಿಟಕಿಗೆ ಪರದೆಯ ಕೋಲು ಹಾಕುವಾಗ ಎರಡು ತುದಿಗಳ ಗುರುತನ್ನು ಸಮ ಮಾಡಲು ಗಾರೆಯವರ ನೀರಿನ ಪೈಪಿಗೆ ಸಮನಾದದ್ದು ಇಲ್ಲ. ಹನ್ನೆರಡು ಅಡಿ ಉದ್ದದ, ಬೆರಳು ಗಾತ್ರಕ್ಕಿಂತ ತೆಳ್ಳಗಿನ ಪಾರದರ್ಶಕ ಪೈಪು, ಅದರೊಳಗೆ ನೀರು, ಅಷ್ಟೆ. ಹೋದ ಬೇಸಿಗೆಯಲ್ಲಿ ಮೊಮ್ಮಗನಿಗೆ ಒಂದು ತುದಿ ಕೊಟ್ಟು ಕಿಟಕಿಯ ಆ ಬದಿಗೆ ನಿಲ್ಲಿಸಿದೆ. ಪೈಪಿನ ನಡುವೆ ಒಂದು ಗಾಳಿಗುಳ್ಳೆ ಸಿಕ್ಕಿಕೊಂಡಿತ್ತು, ಅದನ್ನು ಬೆರಳಿನಿಂದ ತಟ್ಟಿ ತಟ್ಟಿ ತುದಿಗೆ ಓಡಿಸಿ ಹೊರಹಾಕುವುದರಲ್ಲೇ ಅವನಿಗೆ ಹತ್ತು ನಿಮಿಷದ ಸಂತೋಷ. ಆಮೇಲೆ ಅವನು ತನ್ನ ತುದಿಯನ್ನು ಎತ್ತಿದಾಗ ನನ್ನ ತುದಿಯ ನೀರು ಏರಿತು, ಇಳಿಸಿದಾಗ ಇಳಿಯಿತು, ಸುಮ್ಮನೆ ನಿಂತಾಗ ಎರಡೂ ಕಡೆಯ ನೀರು ಒಂದೇ ಮಟ್ಟಕ್ಕೆ ಬಂದು ನಿಂತಿತು. "ಅಜ್ಜಾ, ನೀರಿಗೆ ಹೇಗೆ ಗೊತ್ತಾಯ್ತು?" ಎಂದು ಕೇಳಿದ. ಮೊಬೈಲಿನಲ್ಲಿಯೂ ಮಟ್ಟ ನೋಡುವ ಆ್ಯಪ್ ಇದೆಯಂತೆ, ಅದು ಅಂಥ ಪ್ರಶ್ನೆಯನ್ನು ಹುಟ್ಟಿಸಲಾರದು.

ಹಳೆಯ ಮನೆಗಳವರಿಗೆ ಮಾತ್ರ ಇಲ್ಲೊಂದು ಎಚ್ಚರಿಕೆ ಹೇಳಬೇಕು. ತೊಲೆಗಳು ಒಂದು ಕಡೆಗೆ ಬಾಗಿರುವ ಮನೆಯಲ್ಲಿ ರಸಮಟ್ಟಕ್ಕೆ ಸರಿಯಾಗಿ ತೂಗಿದ ಚಿತ್ರವೇ ಸೊಟ್ಟಗೆ ಕಾಣುತ್ತದೆ, ಏಕೆಂದರೆ ನೋಡುವವರ ಕಣ್ಣು ಹೋಲಿಸುವುದು ಹತ್ತಿರದ ತೊಲೆಯ ಜೊತೆ. ತೊಲೆಯಿಂದ ಒಂದು ಅಡಿಯೊಳಗೆ ಏನನ್ನಾದರೂ ತೂಗುಹಾಕುವಾಗ ಇನ್ನೊಬ್ಬರನ್ನು ದೂರ ನಿಲ್ಲಿಸಿ, ಅವರು ಸರಿ ಎಂದ ಕಡೆಗೆ ಗುರುತು ಹಾಕುವುದು ಮೇಲು. ಅಂಥ ಮನೆಗಳಲ್ಲಿ ಹಿಂದಿನವರು ಗೋಡೆಯುದ್ದಕ್ಕೂ ಒಂದು ಮರದ ಪಟ್ಟಿ ಬಡಿದು, ದೇವರ ಪಟಗಳನ್ನೂ ಹಿರಿಯರ ಫೋಟೊಗಳನ್ನೂ ಅದರ ಮೇಲೆ ಕೂರಿಸಿ, ತುಸು ಮುಂದಕ್ಕೆ ಬಾಗುವಂತೆ ಮೇಲಿನಿಂದ ತಂತಿ ಕಟ್ಟುತ್ತಿದ್ದರು. ಪಟ ಬದಲಾಯಿಸಲು ಗೋಡೆಗೆ ಹೊಸ ಮೊಳೆ ಹೊಡೆಯುವ ಪ್ರಮೇಯವೇ ಬರುತ್ತಿರಲಿಲ್ಲ. ಮೊಳೆ ಹೊಡೆಯಬಾರದೆಂದು ಕರಾರು ಹಾಕುವ ಮಾಲೀಕರ ಬಾಡಿಗೆ ಮನೆಗಳಲ್ಲಿರುವವರು, ಒಮ್ಮೆ ಅನುಮತಿ ಕೇಳಿ ಅಂಥ ಒಂದೇ ಒಂದು ಪಟ್ಟಿ ಹಾಕಿಸಿಕೊಂಡರೆ ವರ್ಷಾನುಗಟ್ಟಲೆ ನಿಶ್ಚಿಂತೆ. ಅಂಟಿಸುವ ಕೊಕ್ಕೆಗಳು ಎಮಲ್ಷನ್ ಅಥವಾ ಟೈಲ್ಸ್ ಮೇಲೆ ನಿಲ್ಲುತ್ತವೆಯೇ ಹೊರತು ಸುಣ್ಣ, ಡಿಸ್ಟೆಂಪರ್ ಗೋಡೆಗಳ ಮೇಲೆ ಪದರ ಸಮೇತ ಕಿತ್ತುಬರುತ್ತವೆ.

ವಿದ್ಯುತ್ತಿನ ವಿಚಾರವನ್ನು ಹೇಳದೆ ಮುಂದೆ ಹೋಗುವಂತಿಲ್ಲ. ಹತಾರದ ಡಬ್ಬಿಯಲ್ಲಿ ಟೆಸ್ಟರ್ ಇರುತ್ತದೆ, ಆದರೆ ಅದನ್ನು ಹಲವರು ಸ್ಕ್ರೂ ಡ್ರೈವರಿನಂತೆ ಬಳಸಿ ಒಳಗಿನ ದೀಪವನ್ನು ಕೆಡಿಸಿರುತ್ತಾರೆ. ಕೆಟ್ಟ ಟೆಸ್ಟರ್, ತಂತಿಯಲ್ಲಿ ವಿದ್ಯುತ್ ಇಲ್ಲ ಎಂದು ಸುಳ್ಳು ಹೇಳುತ್ತದೆ ಎಂಬುದು ಅವರಿಗೆ ಹೊಳೆಯುವುದಿಲ್ಲ. ಪ್ರತಿಸಲವೂ ಮೊದಲು ವಿದ್ಯುತ್ ಹರಿಯುತ್ತಿರುವ ಸಾಕೆಟ್ಟಿನಲ್ಲಿ ಇಟ್ಟು, ಅದು ಹೊತ್ತಿಕೊಳ್ಳುತ್ತದೆ ಎಂದು ಖಚಿತಪಡಿಸಿಕೊಂಡು, ಆಮೇಲೆ ಎಂ.ಸಿ.ಬಿ. (ಆ ಸಾಲಿನ ವಿದ್ಯುತ್ ಕಡಿಯುವ ಸ್ವಿಚ್) ಇಳಿಸಿ ಕೆಲಸದ ಜಾಗವನ್ನು ಪರೀಕ್ಷಿಸಬೇಕು. ಗೋಡೆಯೊಳಗಿನ ತಂತಿಯ ಪೈಪುಗಳು ಸಾಮಾನ್ಯವಾಗಿ ಸ್ವಿಚ್ ಬೋರ್ಡಿನಿಂದ ನೆಟ್ಟಗೆ ಮೇಲಕ್ಕೋ ಕೆಳಕ್ಕೋ ಹೋಗಿರುತ್ತವೆ. ಆದ್ದರಿಂದ ಬೋರ್ಡಿನ ನೇರ ಮೇಲೆ ಮತ್ತು ನೇರ ಕೆಳಗೆ ಯಾವ ತೂತನ್ನೂ ಕೊರೆಯಬಾರದು. 230 ವೋಲ್ಟಿನೊಡನೆ ಅಂದಾಜು ನಡೆಸಲಾಗದು. ಬಚ್ಚಲಿನ ಗೋಡೆಗೂ ನಲ್ಲಿಗಳ ಸಾಲಿಗೂ ಇದೇ ನಿಯಮ.

ಬಣ್ಣದ ಕೆಲಸಕ್ಕೆ ಬೇಕಾದವು ಬೇರೆಯ ಹತಾರಗಳು, ಅವನ್ನು ಬೇರೆ ಡಬ್ಬಿಯಲ್ಲಿಯೇ ಇಡಬೇಕು. 2 ಇಂಚಿನ ಒಂದು ಬ್ರಷ್, 9 ಇಂಚಿನ ರೋಲರ್ ಮತ್ತು ತಟ್ಟೆ, 4 ಇಂಚಿನ ಪುಟ್ಟಿ ಪಟ್ಟಿ, 120 ಮತ್ತು 220ರ ಎಮರಿ ಕಾಗದ, ಮಾಸ್ಕಿಂಗ್ ಟೇಪ್, ಹಾಸಲು ಹಳೆಯ ಸೀರೆ. ಹಾಸಲು ದಿನಪತ್ರಿಕೆಯನ್ನು ನಾನು ಸೂಚಿಸುವುದಿಲ್ಲ. ತಮ್ಮ ಪತ್ರಿಕೆಯ ಮೇಲಿನ ಗೌರವ ಒಂದು ಕಾರಣವಾದರೆ, ಬಣ್ಣದ ಬ್ರಷ್ ಹಿಡಿದು ಬಗ್ಗಿದವನು ಹಳೆಯ ಸುದ್ದಿಗಳನ್ನು ಓದುತ್ತ ಕೂರುತ್ತಾನೆ ಎಂಬುದು ಇನ್ನೊಂದು. ಬ್ರಷ್‌ನಲ್ಲಿ ಜುಗ್ಗತನ ಮಾಡಬಾರದು. ಅಗ್ಗದ ಬ್ರಷ್ಷಿನ ಕೂದಲು ಗೋಡೆಗೆ ಅಂಟಿ ಒಣಗಿದರೆ ಅದು ಸದಾಕಾಲದ ಅಲಂಕಾರ. ಮಾಸ್ಕಿಂಗ್ ಟೇಪ್ ಎಂಬುದು 1925ರಲ್ಲಿ ಅಮೆರಿಕದ 3ಎಂ ಕಂಪನಿಯ ರಿಚರ್ಡ್ ಡ್ರೂ ಎಂಬವರು ಎರಡು ಬಣ್ಣದ ಕಾರುಗಳಿಗೆ ಬಣ್ಣ ಹೊಡೆಯುವವರ ಗೋಳು ನೋಡಲಾರದೆ ಮಾಡಿದ್ದು. ಬಣ್ಣ ಪೂರ್ತಿ ಒಣಗುವ ಮೊದಲೇ ಅದನ್ನು ನಿಧಾನವಾಗಿ, ಹಿಂದಕ್ಕೆ ಮಡಚಿದಂತೆ ಎಳೆದು ತೆಗೆದರೆ ಅಂಚು ಗೆರೆ ಎಳೆದಂತಿರುತ್ತದೆ. ಒಣಗಿದ ಮೇಲೆ ಎಳೆದರೆ ಬಣ್ಣವೂ ಜೊತೆಗೆ ಏಳುತ್ತದೆ.

ಹಳೆಯ ಬಾಗಿಲು, ಕಿಟಕಿಗಳ ಎಣ್ಣೆಬಣ್ಣವನ್ನು ಉಜ್ಜುವವರು ಒಂದು ಸಂಗತಿಯನ್ನು ಗಮನಿಸಬೇಕು. ಮನೆಬಳಕೆಯ ಬಣ್ಣಗಳಲ್ಲಿ ಸೀಸದ ಪ್ರಮಾಣ ಹತ್ತು ಲಕ್ಷಕ್ಕೆ 90 ಭಾಗವನ್ನು ಮೀರಬಾರದೆಂದು ಕೇಂದ್ರ ಸರ್ಕಾರ 2016ರಲ್ಲಿ ನಿಯಮ ಮಾಡಿತು, ಅದು ಜಾರಿಗೆ ಬಂದದ್ದು 2017ರ ನವೆಂಬರಿನಲ್ಲಿ. ಅದಕ್ಕೂ ಹಿಂದಿನ ಬಣ್ಣದಲ್ಲಿ ಸೀಸ ಇದ್ದಿರಬಹುದು ಎಂದೇ ಭಾವಿಸಿ ನಡೆಯಬೇಕು. ಒಣಗಿದ್ದಂತೆಯೇ ಉಜ್ಜಿ ಧೂಳೆಬ್ಬಿಸದೆ, ನೀರು ಚಿಮುಕಿಸಿ ವಾಟರ್ ಪೇಪರಿನಿಂದ ಉಜ್ಜಿ, ಮೂಗಿಗೆ ಎನ್-95 ಮಾಸ್ಕ್ ಕಟ್ಟಿ, ಮಕ್ಕಳನ್ನು ಆ ದಿನ ಬೇರೆಡೆಗೆ ಕಳುಹಿಸಬೇಕು. ಕೋವಿಡ್ ಕಾಲದಲ್ಲಿ ಕೊಂಡು ಉಳಿದ ಮಾಸ್ಕ್‌ಗಳಿದ್ದರೆ, ರಬ್ಬರಿನ ಪಟ್ಟಿ ಗಟ್ಟಿಯಾಗಿದೆಯೇ ಎಂದು ನೋಡಿಕೊಂಡು, ಅವು ಹತಾರದ ಡಬ್ಬಿಗೆ ಬರಲಿ. ಕಲ್ನಾರಿನ (ಆಸ್ಬೆಸ್ಟಾಸ್) ಶೀಟಿನ ಮಾಡು ಇರುವವರು ಆ ಶೀಟಿಗೆ ಡ್ರಿಲ್ ಹಚ್ಚುವ ಗೋಜಿಗೇ ಹೋಗಬಾರದು.

ಮನೆಯನ್ನು ಅಂದಗೊಳಿಸುವ ಹತಾರಗಳು ನಮ್ಮ ಸೀಮೆಗೆ ಪೇಟೆಯಿಂದ ಬಂದವಲ್ಲ ಎಂಬುದನ್ನೂ ಇಲ್ಲಿ ಹೇಳಬೇಕೆನಿಸುತ್ತದೆ. ಸಾಗರ, ಸೊರಬ ಕಡೆಯ ದೀವರ ಸಮುದಾಯದ ಹೆಣ್ಣುಮಕ್ಕಳು ಗೋಡೆಯ ಮೇಲೆ ಹಸೆ ಚಿತ್ತಾರ ಬರೆಯಲು ಕೂಡಿಸಿಕೊಳ್ಳುವ ಸಾಮಾನು ನೋಡಿ: ಗೋಡೆಗೆ ಸಾರಿಸಲು ಕೆಮ್ಮಣ್ಣು, ಬಿಳಿಗೆ ಅಕ್ಕಿಯ ಹಿಟ್ಟು, ಕಪ್ಪಿಗೆ ಹುರಿದು ಕರಕಲಾಗಿಸಿದ ಅಕ್ಕಿ, ಹಳದಿಗೆ ಗುರಿಗೆ ಕಾಯಿ, ಬರೆಯಲು ಪುಂಡಿ ನಾರಿನ ಕುಂಚ. ಸಪೂರ ಗೆರೆಗೊಂದು, ದಪ್ಪ ಗೆರೆಗೊಂದು ಎಂದು ಆ ಕುಂಚಗಳನ್ನು ಅವರೇ ಜಜ್ಜಿ ಮಾಡಿಕೊಳ್ಳುತ್ತಾರೆ. ಅದರಲ್ಲಿ ಬಳಕೆಗೆ ಬಾರದ ಒಂದು ತುಣುಕೂ ಇಲ್ಲ. ನಾನು ಸಿದ್ಧಪೆಟ್ಟಿಗೆಯನ್ನು ಒಪ್ಪದಿರುವುದಕ್ಕೆ ಬಹುಶಃ ಇದನ್ನು ನೋಡಿ ಬೆಳೆದದ್ದೂ ಒಂದು ಕಾರಣ.

ಸುತ್ತಿಗೆ, ಇಕ್ಕಳ, ಸ್ಟಾರ್ ಮತ್ತು ಮೈನಸ್ ಸ್ಕ್ರೂ ಡ್ರೈವರ್, ಸಣ್ಣ ಗರಗಸ, ಕತ್ತರಿಸುವ ಬ್ಲೇಡು, ಇವನ್ನು ವಿವರಿಸುವ ಅಗತ್ಯವಿಲ್ಲ, ಎಲ್ಲರ ಮನೆಯಲ್ಲೂ ಇರುತ್ತವೆ. ಇಡುವ ಜಾಗದ ಬಗ್ಗೆ ಮಾತ್ರ ಒಂದು ಮಾತು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮಲ್ಲಿ ಬಟ್ಟೆಯೇ ಒಣಗುವುದಿಲ್ಲ, ಕಬ್ಬಿಣ ಉಳಿಯುವುದೆಂತು? ಹತಾರಗಳಿಗೆ ಕೊಬ್ಬರಿ ಎಣ್ಣೆ ಸವರಿದರೆ ಕೆಲವೇ ತಿಂಗಳಿಗೆ ಅದು ಅಂಟಾಗುತ್ತದೆ, ಹೊಲಿಗೆ ಯಂತ್ರದ ಎಣ್ಣೆ ಹಾಗಾಗುವುದಿಲ್ಲ. ಆ ಎಣ್ಣೆಯನ್ನು ಬಟ್ಟೆಯಿಂದ ಹತಾರಗಳಿಗೆ ಒರೆಸಿ, ಅವನ್ನು ಬಿಗಿ ಮುಚ್ಚಳದ ಬಿಸ್ಕತ್ತಿನ ತಗಡಿನ ಡಬ್ಬಿಯಲ್ಲಿಟ್ಟು, ಜೊತೆಗೆ ನಾಲ್ಕು ಸೀಮೆಸುಣ್ಣದ ಕಡ್ಡಿಗಳನ್ನು ಹಾಕಿದರೆ ತೇವವನ್ನು ಅವು ಹೀರುತ್ತವೆ. ಆಗಾಗ ಅವನ್ನು ಬಿಸಿಲಿಗಿಟ್ಟು ಮತ್ತೆ ಒಳಗೆ ಹಾಕಬೇಕು. ನಿವೃತ್ತಿಯ ದಿನ ಶಾಲೆಯವರು ಶಾಲು, ಹಾರದ ಜೊತೆಗೆ ಸೀಮೆಸುಣ್ಣದ ಎರಡು ಪೆಟ್ಟಿಗೆಗಳನ್ನು ತಮಾಷೆಗೆಂದು ಕೊಟ್ಟಿದ್ದರು. ಶಾಲು ಎಲ್ಲಿದೆಯೋ ತಿಳಿಯದು, ಸೀಮೆಸುಣ್ಣ ಇನ್ನೂ ಡಬ್ಬಿಯಲ್ಲಿ ಕೆಲಸ ಮಾಡುತ್ತಿದೆ.

ಎಲ್ಲರೂ ಡ್ರಿಲ್ ಕೊಳ್ಳಲೇಬೇಕೆಂದಿಲ್ಲ. ಬಹಳಷ್ಟು ಮನೆಗಳಲ್ಲಿ ಅದು ವರ್ಷಕ್ಕೆ ಒಂದು ಗಂಟೆಯೂ ಓಡುವುದಿಲ್ಲ. ಅಪಾರ್ಟ್‌ಮೆಂಟಿನ ಸಂಘಗಳು ಒಂದು ಡ್ರಿಲ್, ಒಂದು ಮಡಚುವ ಏಣಿ, ಒಂದು ನೀರಿನ ಪೈಪನ್ನು ಸಾಮೂಹಿಕವಾಗಿ ಇಟ್ಟುಕೊಂಡು, ಪುಸ್ತಕದಲ್ಲಿ ಸಹಿ ಹಾಕಿಸಿಕೊಂಡು ಕೊಡುವ ವ್ಯವಸ್ಥೆ ಮಾಡಬಹುದು. ಮಗಳು ಇರುವ ಕಡೆ ನನ್ನ ಒತ್ತಾಯದ ಮೇಲೆ ಇದನ್ನು ಆರಂಭಿಸಿದ್ದಾರೆ. ಬಿಟ್‌ಗಳನ್ನು ಮಾತ್ರ ಅವರವರೇ ತರಬೇಕೆಂಬ ನಿಯಮ ಹಾಕಿಸಿದ್ದೇನೆ, ಏಕೆಂದರೆ ಎರವಲು ಕೊಟ್ಟ ಬಿಟ್ ಎಂದೂ ಚೂಪಾಗಿ ಹಿಂತಿರುಗುವುದಿಲ್ಲ.

ಸಂಪಾದಕರಲ್ಲಿ ನನ್ನ ಕೋರಿಕೆ ಸಣ್ಣದು. ಮುಂದಿನ ಸಲ ಇಂಥ ಪುರವಣಿ ತರುವಾಗ, ಪ್ರತಿ ಚಿತ್ರದ ಕೆಳಗೆ ಆ ಗೋಡೆ ಯಾವುದರದ್ದು, ಯಾವ ಅಳತೆಯ ಪ್ಲಗ್ ಮತ್ತು ಸ್ಕ್ರೂ ಬಳಸಲಾಗಿದೆ, ಎಷ್ಟು ಭಾರ ಇಡಬಹುದು ಎಂಬ ಒಂದು ಸಾಲನ್ನು ದಯವಿಟ್ಟು ಅಚ್ಚು ಮಾಡಿ. ಅಡುಗೆಯ ಪುಟದಲ್ಲಿ ಉಪ್ಪು ಎಷ್ಟು ಚಮಚ ಎಂದು ತಾವು ಬರೆಯುತ್ತೀರಿ, ಇದೂ ಅಷ್ಟೇ ಜಾಗವನ್ನು ಬೇಡುತ್ತದೆ.

ಇತಿ ತಮ್ಮ ವಿಶ್ವಾಸಿ,
ನಿವೃತ್ತ ಕ್ರಾಫ್ಟ್ ಶಿಕ್ಷಕ,
ಸಾಗರ, ಶಿವಮೊಗ್ಗ ಜಿಲ್ಲೆ